ಖೋಲಿ ಒಂದು, ಸಿಲಿಂಡರ್ ಯಾರದು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲಿ ಕಾಲೇಜು, ಅಂಗಡಿ, ಕಚೇರಿಯೆಂದು ಬಂದ ಹುಡುಗರು ಮೂವರು ನಾಲ್ವರು ಸೇರಿ ಖೋಲಿ ಹಿಡಿಯುತ್ತಾರೆ. ಬಾಡಿಗೆ ಹಂಚಿಕೊಳ್ಳಲು ತಕರಾರಿಲ್ಲ. ಜಗಳ ಹುಟ್ಟುವುದು ಒಬ್ಬಾತ ಗಂಟುಮೂಟೆ ಕಟ್ಟುವ ದಿನ. ಗ್ಯಾಸಿನ ಒಲೆಗೆ, ಫ್ಯಾನಿಗೆ ಎಲ್ಲರೂ ರೊಕ್ಕ ಹಾಕಿದ್ದಾರೆ. "ನನ್ನ ಪಾಲು ಕೊಟ್ಟಬಿಡ್ರಿ" ಎಂದರೆ ಎರಡು ವರ್ಷ ಉರಿದ ಒಲೆಗೆ ಬೆಲೆ ಕಟ್ಟುವವರು ಯಾರು? ಸಿಲಿಂಡರಿನ ಡಿಪಾಜಿಟ್ಟಂತೂ ಪುಸ್ತಕ ಯಾರ ಹೆಸರಲ್ಲಿದೆಯೋ ಅವರಿಗೇ ವಾಪಸು.

ಬಾಳಿಕೆಯ ಸಾಮಾನನ್ನು ಕೂಡಿ ಕೊಳ್ಳುವುದೇ ಬೇಡ. ಒಲೆ ಒಬ್ಬನದು, ಫ್ಯಾನ್ ಇನ್ನೊಬ್ಬನದು, ಬಕೆಟ್ಟು ಭಾಂಡೆ ಮತ್ತೊಬ್ಬನದು; ಹೋಗುವಾಗ ಅವರವರದು ಅವರವರು ಒಯ್ಯಲಿ. ತೀರಿಹೋಗುವ ಗ್ಯಾಸು, ಹಿಟ್ಟು, ಎಣ್ಣೆಗೆ ಮಾತ್ರ ಪಟ್ಟಿ ಹಾಕಲಿ. (ಕಿರಾಣಿ ಉದ್ರಿ ಒಬ್ಬನ ಹೆಸರಿಗೇ ಇರಲಿ. ನಾಲ್ವರ ಉದ್ರಿ ಯಾರಿಂದಲೂ ವಸೂಲಾಗದೆಂಬುದು ಅಂಗಡಿಕಾರರಿಗೆ ಗೊತ್ತೇ ಇದೆ.)

ಕರೆಂಟಿನ ಮಾತು ಬೇರೆ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಮೂರು ಖೋಲಿಗೆ ಒಂದೇ ಮೀಟರಿದ್ದಲ್ಲಿ ಒಬ್ಬ ನೀರು ಕಾಯಿಸುವ ಕಾಯಿಲ್ ಎಲ್ಲರ ಕಿಸೆಗೂ ಕತ್ತರಿ. ಕಾಯಿಲ್ ಇಟ್ಟವನು ಹೆಚ್ಚು ಕೊಡಬೇಕೆಂಬುದನ್ನು ಖೋಲಿ ಹಿಡಿದ ದಿನವೇ ಚೀಟಿಯಲ್ಲಿ ಬರೆದಿಡಲಿ. ಮನೆ ಮಾಲಕರೂ ಖೋಲಿಗೊಂದು ಸಬ್ ಮೀಟರ್ ಹಾಕಿಸಲು ಜಿಪುಣತನ ಮಾಡಬಾರದು.