ಆಯ್ಕೆಪಟ್ಟಿಗೆ ಮುನ್ನ ಒಂದು ಸಂವಾದ

ಸಿಇಟಿ ಫಲಿತಾಂಶ ಪ್ರಕಟವಾದೊಡನೆ ಶ್ರೀಮಠದ ಕಾರ್ಯಾಲಯಕ್ಕೆ ಬರುವ ಪಾಲಕರ ಪ್ರಶ್ನೆ ಬಹುತೇಕ ಒಂದೇ: ‘ಈ ರ‍್ಯಾಂಕಿಗೆ ಕಂಪ್ಯೂಟರ್ ಸೈನ್ಸ್ ಸಿಗುವುದೇ?’ ಆ ವಿಷಯ ಮಗುವಿಗೆ ಒಗ್ಗುವುದೇ ಎಂದು ಕೇಳುವವರು ವಿರಳ.

ಈಗ ಎರಡನೆಯ ಪ್ರಶ್ನೆಯೇ ಮುಖ್ಯವಾಗಿದೆ. ಒಂದು ವಿಭಾಗದಲ್ಲಿ ಇಷ್ಟೇ ಸೀಟು ಎಂಬ ಮೇಲ್ಮಿತಿಯನ್ನು ಎಐಸಿಟಿಇ 2024-25ನೇ ಸಾಲಿನಿಂದ ಅರ್ಹ ಕಾಲೇಜುಗಳಿಗೆ ಸಡಿಲಿಸಿತು. ಬೇಡಿಕೆಯುಳ್ಳ ಕಂಪ್ಯೂಟರ್ ಸಂಬಂಧಿತ ವಿಭಾಗಗಳು ಹಿಗ್ಗಿದವು. ಸಿವಿಲ್, ಮೆಕ್ಯಾನಿಕಲ್ ವಿಭಾಗಗಳು ಹಲವೆಡೆ ವಿದ್ಯಾರ್ಥಿಗಳಿಗಾಗಿ ಕಾಯುತ್ತಿವೆ. ಸೀಟು ಸುಲಭವಾದಷ್ಟೂ ಒಲವಿಲ್ಲದವರೂ ಒಳಸೇರುವ ಅಪಾಯ ಹೆಚ್ಚು.

ಕಾಲೇಜಿನ ಕೈಪಿಡಿ ಕಟ್ಟಡವನ್ನು ತೋರಿಸುತ್ತದೆ, ನೆರೆಮನೆಯವರು ಸಂಬಳವನ್ನು ಹೇಳುತ್ತಾರೆ. ಆ ವಿಷಯವನ್ನು ಪ್ರತಿದಿನ ಓದುವುದೆಂದರೇನು ಎಂಬುದನ್ನು ಬಲ್ಲವನು ಅದನ್ನು ಓದುತ್ತಿರುವ ವಿದ್ಯಾರ್ಥಿಯೇ. ಆದರೆ ಯಾರನ್ನು ಕೇಳಬೇಕೆಂಬ ವಿವೇಕವೂ ಬೇಕು. ಎಂಜಿನಿಯರಿಂಗ್‌ನ ಮೊದಲ ವರ್ಷದಲ್ಲಿ ಬಹುಪಾಲು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದಂತಹ ಮೂಲ ವಿಷಯಗಳೇ ಇರುತ್ತವೆ. ಆದ್ದರಿಂದ ಎರಡನೆಯ ಅಥವಾ ಮೂರನೆಯ ವರ್ಷದವರನ್ನು ಕಾಣಬೇಕು. ಒಬ್ಬರಲ್ಲ, ಮೂವರನ್ನಾದರೂ, ಅವರಲ್ಲಿ ಒಬ್ಬರು ಆ ವಿಷಯದಿಂದ ಬೇಸತ್ತವರಾಗಿದ್ದರೆ ಇನ್ನೂ ಒಳಿತು.

‘ಹೇಗಿದೆ?’ ಎಂದರೆ ‘ಚೆನ್ನಾಗಿದೆ’ ಎಂಬ ಉತ್ತರವಷ್ಟೇ ದೊರೆಯುತ್ತದೆ. ‘ಕಳೆದ ವಾರ ಏನು ಓದಿದಿರಿ? ಯಾವ ವಿಷಯದಲ್ಲಿ ಹೆಚ್ಚು ಮಂದಿ ಅನುತ್ತೀರ್ಣರಾಗುತ್ತಾರೆ? ಪ್ರಯೋಗಾಲಯದಲ್ಲಿ ಸ್ವತಃ ಕೈಯಿಟ್ಟು ಮಾಡುತ್ತೀರೋ, ನೋಡುತ್ತೀರೋ? ಮತ್ತೆ ಆಯ್ದುಕೊಳ್ಳುವ ಅವಕಾಶ ದೊರೆತರೆ ಇದನ್ನೇ ಆಯ್ದುಕೊಳ್ಳುವಿರಾ?’ ಎಂದು ಕೇಳಬೇಕು.

ನಮ್ಮ ಪ್ರಸಾದನಿಲಯದ ಬಾಲಕನೊಬ್ಬ ಕಳೆದ ವರ್ಷ ಹೀಗೆಯೇ ಕೇಳಿದ. ಕಂಪ್ಯೂಟರ್ ಓದುವ ಹಿರಿಯನೊಬ್ಬ, ‘ಒಂದು ದೋಷವನ್ನು ಹುಡುಕುತ್ತ ರಾತ್ರಿಯಿಡೀ ಕೂರುವುದು ನನಗೆ ಆಟ, ನಿನಗೆ ಅದು ಶಿಕ್ಷೆಯೆನಿಸಿದರೆ ಬೇಡ’ ಎಂದನಂತೆ. ಹೊಲದ ಪಂಪುಸೆಟ್ಟನ್ನು ಬಿಚ್ಚಿ ಜೋಡಿಸುತ್ತ ಬೆಳೆದ ಈ ಬಾಲಕ ಎಲೆಕ್ಟ್ರಿಕಲ್ ವಿಭಾಗವನ್ನು ಪಟ್ಟಿಯ ಮೊದಲಿಗೆ ತಂದ. ತಂದೆಗೆ ಅಸಮಾಧಾನವಾಯಿತು, ಅದು ಇನ್ನೂ ಪೂರ್ಣ ಕರಗಿಲ್ಲ. ಆದರೆ ಮಗ ಮನಸ್ಸಿಟ್ಟು ಓದುತ್ತಿದ್ದಾನೆ.

ವಿದ್ಯಾರ್ಥಿಗಳ ಮಾತೇ ಅಂತಿಮವಲ್ಲ. ನಾಲ್ಕು ವರ್ಷಗಳ ನಂತರದ ಉದ್ಯೋಗಸ್ಥಿತಿಯನ್ನು ಅವರೂ ಅರಿಯರು. ಒಬ್ಬ ಕೆಟ್ಟ ಅಧ್ಯಾಪಕನ ಮೇಲಿನ ಸಿಟ್ಟನ್ನು ಇಡೀ ವಿಷಯದ ಮೇಲೆ ಹೊರಿಸುವುದೂ ಉಂಟು. ಸಾಲ ತೀರಿಸುವ ಚಿಂತೆಯಿರುವ ಮನೆಯವರು ಸಂಬಳದ ಮಾತಾಡುವುದು ತಪ್ಪೂ ಅಲ್ಲ. ಆದರೆ ಒಲ್ಲದ ವಿಷಯದಲ್ಲಿ ಉಳಿದ ಬಾಕಿ ಪತ್ರಿಕೆಗಳು ಸಾಲವನ್ನು ತೀರಿಸವು.

ಪರೀಕ್ಷಾ ಪ್ರಾಧಿಕಾರವು ಅಣಕು ಸೀಟು ಹಂಚಿಕೆಯ ಬಳಿಕ ಆಯ್ಕೆಗಳ ಕ್ರಮವನ್ನು ಬದಲಿಸಲು ಅವಕಾಶ ನೀಡುತ್ತದೆ. ಪಟ್ಟಿಯಲ್ಲಿ ಮೇಲಿರುವುದು ದೊರೆತರೆ ಕೆಳಗಿನವು ತಾವಾಗಿಯೇ ಬಿದ್ದುಹೋಗುತ್ತವೆ, ಕ್ರಮವೇ ನಿರ್ಣಯ. ಆ ಕೆಲವು ದಿನಗಳನ್ನು ಸೈಬರ್ ಕೇಂದ್ರದವರ ಕೈಗೊಪ್ಪಿಸದೆ, ರಜೆಗೆ ಊರಿಗೆ ಬಂದಿರುವ ಹಿರಿಯ ವಿದ್ಯಾರ್ಥಿಯ ಮನೆಗೆ ಮಗುವನ್ನು ಕಳುಹಿಸಿರಿ. ಪಾಲಕರು ಜೊತೆಗೆ ಹೋಗದಿರುವುದೇ ಲೇಸು. ಹಿರಿಯರ ಮುಂದೆ ಹುಡುಗರು ನಿಜ ಹೇಳಲು ಹಿಂಜರಿಯುತ್ತಾರೆ.