ವೇಗಕ್ಕಿಂತ ಮೊದಲು ತಡೆ

ಟರ್ಬೊ ಕಾರಿನ ಬಲವನ್ನು ಇನ್ನಷ್ಟು ಹೆಚ್ಚಿಸಿಕೊಂಡು ರಾಯಚೂರಿನಿಂದ ಮಾನ್ವಿ, ದೇವದುರ್ಗಗಳತ್ತ ಧಾವಿಸುವ ಉತ್ಸಾಹಿಗಳು ಎರಡು ಅಲ್ಪ ವಸ್ತುಗಳನ್ನು ಮರೆಯಬಾರದು.

ಎಂಜಿನ್ನು ಉಗುಳುವ ಹೊಗೆಯ ರಭಸದಿಂದಲೇ ಅದಕ್ಕೆ ಹೆಚ್ಚು ಗಾಳಿ ತುಂಬುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟು ಪಡೆದನು. ಒತ್ತಡ ಮಿತಿಮೀರದಂತೆ ಹೊಗೆಯನ್ನು ಬೇರೆಡೆಗೆ ಬಿಡುವುದು ವೇಸ್ಟ್‌ಗೇಟ್ ಎಂಬ ಬಾಗಿಲು. ಹಲವು ಕಾರುಗಳಲ್ಲಿ ಅದನ್ನು ತೆರೆಯಿಸುವುದು ಸಪೂರವಾದ ರಬ್ಬರು ಕೊಳವೆ. ಎಂಜಿನ್ನಿನ ಕಾವಿಗೆ ರಾಯಚೂರಿನ ಬಿಸಿಲೂ ಕೂಡಿ ಅದು ಬಿರಿದರೆ ಬಾಗಿಲು ತೆರೆಯದು. ಒತ್ತಡವೇರಿ ಎಂಜಿನ್ನೇ ಕೆಟ್ಟೀತು.

ಇನ್ನೊಂದು ಹ್ಯಾಂಡ್‌ಬ್ರೇಕಿನ ಕೇಬಲ್ಲು. ಹಿಡಿ ಅತಿಯಾಗಿ ಮೇಲೆದ್ದರೆ ಕೇಬಲ್ಲು ಸಡಿಲಗೊಂಡಿರಬಹುದು, ಇಲ್ಲವೆ ಹಿಂಚಕ್ರದ ಬ್ರೇಕ್ ಶೂ ಸವೆದಿರಬಹುದು. ಶೂ ನೋಡದೆ ಕೇಬಲ್ಲನ್ನಷ್ಟೇ ಬಿಗಿದರೆ ದೋಷ ಮರೆಯಾದೀತೇ ಹೊರತು ಹೋಗದು. ಇಳಿಜಾರಿನಲ್ಲಿ ನಿಂತ ಕಾರಿನೊಳಗಿನ ಮಕ್ಕಳನ್ನು ಕಾಯುವುದು ಎಂಜಿನ್ನಿನ ಬಲವಲ್ಲ, ಆ ಕೇಬಲ್ಲು.