ಜೊತೆಗಾರ ಗುರಾಣಿಯಲ್ಲ: ಹಿಂದೂಪುರದ ಸಂಸದನ ಸೋಲು ಹೇಳುವ ಪಾಠ

ದೊಡ್ಡ ಹುದ್ದೆಗೆ ನಿಂತವರ ಮೇಲೆ ಅಪಪ್ರಚಾರ ಶುರುವಾದ ಕೂಡಲೇ ಅವರ ಸುತ್ತಲಿನವರು ಕೇಳುವ ಮೊದಲ ಪ್ರಶ್ನೆ, "ಜೊತೆಗೆ ಯಾರನ್ನು ನಿಲ್ಲಿಸೋಣ?" ಎಂಬುದು. ಅಮೆರಿಕದಲ್ಲಿ ಈ ಜೊತೆಗಾರನಿಗೆ 'ರನ್ನಿಂಗ್ ಮೇಟ್' ಅಂತಾರೆ. ಅಧ್ಯಕ್ಷ, ಉಪಾಧ್ಯಕ್ಷ ಇಬ್ಬರಿಗೂ ಅಲ್ಲಿ ಒಂದೇ ಓಟು. ನಮ್ಮಲ್ಲಿ ಹಾಗಿಲ್ಲ. ರಾಷ್ಟ್ರಪತಿಯನ್ನು ಸಂಸತ್ತು ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು ಆರಿಸುತ್ತಾರೆ. ಉಪರಾಷ್ಟ್ರಪತಿಯನ್ನು ಸಂಸತ್ತಿನ ಎರಡು ಸದನಗಳ ಸದಸ್ಯರು ಮಾತ್ರ ಆರಿಸುತ್ತಾರೆ. ಎರಡೂ ಬೇರೆ ಬೇರೆ ಚುನಾವಣೆ.

ಆದರೂ ಪಕ್ಷಗಳು ಲೆಕ್ಕ ಹಾಕುವುದು ಜೋಡಿಯಾಗಿಯೇ. ಒಬ್ಬರು ಉತ್ತರದವರಾದರೆ ಇನ್ನೊಬ್ಬರು ದಕ್ಷಿಣದವರು, ಒಬ್ಬರು ಮುಸ್ಲಿಮರಾದರೆ ಇನ್ನೊಬ್ಬರು ಹಿಂದೂ. ಈ ಲೆಕ್ಕ ದಿಲ್ಲಿಯಲ್ಲೇ ನಿಂತಿಲ್ಲ. ಕಾಲೇಜು ಸಂಘಟನೆ, ಸಹಕಾರ ಸಂಘ, ಪಂಚಾಯತ್‌ವರೆಗೂ ಇಳಿದಿದೆ. ಹಾಗಾಗಿ ರಾಜಕೀಯಕ್ಕೆ ಬರಬೇಕು ಅಂದುಕೊಂಡಿರುವ ನಮ್ಮ ಯುವಕರು ಈ ಲೆಕ್ಕ ಎಲ್ಲಿ ಸರಿ, ಎಲ್ಲಿ ತಪ್ಪು ಅನ್ನುವುದನ್ನು ತಿಳಿದಿರಬೇಕು. ಇದಕ್ಕೆ ದೂರದ ಉದಾಹರಣೆ ಹುಡುಕಬೇಕಾಗಿಲ್ಲ. 1967 ಮತ್ತು 1969ರ ಎರಡು ರಾಷ್ಟ್ರಪತಿ ಚುನಾವಣೆಗಳನ್ನು ನೋಡಿದರೆ ಸಾಕು. ಎರಡಕ್ಕೂ ನಮ್ಮ ನಾಡಿನ ನಂಟಿದೆ.

1967: ಝಾಕಿರ್ ಹುಸೇನ್ ಮತ್ತು ಮೈಸೂರಿನ ರಾಜ್ಯಪಾಲ

ಡಾ. ಝಾಕಿರ್ ಹುಸೇನ್ ಅವರು 1962ರಿಂದಲೇ ಉಪರಾಷ್ಟ್ರಪತಿ. ಜಾಮಿಯಾ ಮಿಲ್ಲಿಯಾವನ್ನು 22 ವರ್ಷ ಮುನ್ನಡೆಸಿದವರು, ಅಲಿಗಢ ವಿವಿಯ ಕುಲಪತಿಯಾಗಿದ್ದವರು, ಬಿಹಾರದ ರಾಜ್ಯಪಾಲರಾಗಿದ್ದವರು. 1963ರಲ್ಲಿ ಭಾರತರತ್ನವೂ ಬಂದಿತ್ತು. ಇಷ್ಟೆಲ್ಲಾ ಇದ್ದರೂ ಅವರ ಹೆಸರು ರಾಷ್ಟ್ರಪತಿ ಹುದ್ದೆಗೆ ಬಂದಾಗ ಎದ್ದ ಪ್ರಶ್ನೆ ಒಂದೇ: ಈ ದೇಶ ಒಬ್ಬ ಮುಸ್ಲಿಮನನ್ನು ಒಪ್ಪುತ್ತದೆಯೇ? ಹೊರಗಿನವರು ಮಾತ್ರ ಕೇಳಿದ್ದಲ್ಲ, ಕಾಂಗ್ರೆಸ್ ಒಳಗೂ ಈ ಅಳುಕಿತ್ತು. ಇಂದಿರಾ ಗಾಂಧಿ ಪಟ್ಟು ಹಿಡಿದರು.

ಉಪರಾಷ್ಟ್ರಪತಿ ಸ್ಥಾನಕ್ಕೆ ಕಾಂಗ್ರೆಸ್ ಆರಿಸಿದ್ದು ಆಗ ಮೈಸೂರಿನ ರಾಜ್ಯಪಾಲರಾಗಿದ್ದ ವಿ.ವಿ. ಗಿರಿ ಅವರನ್ನು. ಗಿರಿ ರೈಲ್ವೆ ಕಾರ್ಮಿಕರ ಸಂಘಟನೆಯಿಂದ ಬಂದವರು, ಕೇಂದ್ರದ ಕಾರ್ಮಿಕ ಸಚಿವರಾಗಿದ್ದವರು. ಎದುರು ಪಾಳಯ ಏನು ಮಾಡಿತು ನೋಡಿ. ರಾಷ್ಟ್ರಪತಿ ಸ್ಥಾನಕ್ಕೆ, ಮುಖ್ಯ ನ್ಯಾಯಮೂರ್ತಿ ಹುದ್ದೆಗೆ ರಾಜೀನಾಮೆ ಕೊಟ್ಟು ಬಂದ ಕೆ. ಸುಬ್ಬರಾವ್ ನಿಂತರು. ಉಪರಾಷ್ಟ್ರಪತಿ ಸ್ಥಾನಕ್ಕೆ ಅಲಿಗಢದ ಇತಿಹಾಸಕಾರ ಪ್ರೊ. ಮುಹಮ್ಮದ್ ಹಬೀಬ್. ಅಂದರೆ ಎರಡೂ ಕಡೆ ಒಬ್ಬ ಹಿಂದೂ, ಒಬ್ಬ ಮುಸ್ಲಿಂ. ಹಬೀಬ್ ದೊಡ್ಡ ವಿದ್ವಾಂಸರು, ಅದರಲ್ಲಿ ಎರಡು ಮಾತಿಲ್ಲ. ಆದರೆ 'ನಾವು ಮುಸ್ಲಿಂ ವಿರೋಧಿಗಳಲ್ಲ' ಅಂತ ತೋರಿಸಿಕೊಳ್ಳಲು ಆ ಹೆಸರು ಅನುಕೂಲವಾಗಿತ್ತು ಅನ್ನುವುದನ್ನೂ ಅಲ್ಲಗಳೆಯಲಾಗದು.

ಫಲಿತಾಂಶ ಏನಾಯಿತು? ಝಾಕಿರ್ ಹುಸೇನ್ ಅವರ ಮತಮೌಲ್ಯ 4,71,244. ಸುಬ್ಬರಾವ್ ಅವರದ್ದು 3,63,971. ಒಂದು ಲಕ್ಷಕ್ಕೂ ಮಿಕ್ಕಿದ ಅಂತರ. ಗಿರಿಗೆ 483 ಮತ, ಹಬೀಬ್‌ಗೆ 193. ದೇಶ ಒಪ್ಪುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಆ ಉತ್ತರ ಬಂದದ್ದು ಝಾಕಿರ್ ಸಾಹೇಬರ ಸ್ವಂತ ಬದುಕಿನಿಂದ. ಗಿರಿಯವರು ಅವರ ದೇಶಭಕ್ತಿಗೆ ಜಾಮೀನು ನಿಲ್ಲಬೇಕಾಗಿ ಬರಲಿಲ್ಲ.

ಎರಡೇ ವರ್ಷ. 1969ರ ಮೇ 3ರಂದು ಝಾಕಿರ್ ಹುಸೇನ್ ಅಧಿಕಾರದಲ್ಲಿರುವಾಗಲೇ ತೀರಿಕೊಂಡರು. ಅದೇ ದಿನ ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಇದು ಆಕಸ್ಮಿಕ ಅಂತ ಬಿಟ್ಟುಬಿಡಬೇಡಿ. 1974ರಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ರಾಷ್ಟ್ರಪತಿಯಾದರು. ಅವರ ಕಾಲದ ಉಪರಾಷ್ಟ್ರಪತಿ ನಮ್ಮವರೇ ಆದ, ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಬಿ.ಡಿ. ಜತ್ತಿ. 1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹ್ಮದ್ ಕೂಡ ಅಧಿಕಾರದಲ್ಲಿದ್ದಾಗಲೇ ನಿಧನರಾದರು. ತುರ್ತುಪರಿಸ್ಥಿತಿಯ ಕೊನೆಯ ದಿನಗಳು, ಚುನಾವಣೆ, ಸರ್ಕಾರದ ಬದಲಾವಣೆ, ಒಂಬತ್ತು ವಿಧಾನಸಭೆಗಳ ವಿಸರ್ಜನೆಯ ಕಡತ, ಎಲ್ಲವೂ ಜತ್ತಿಯವರ ಮೇಜಿಗೆ ಬಂತು. ಎರಡನೇ ಕುರ್ಚಿಗೆ ಯಾರನ್ನು ಕೂರಿಸುತ್ತೇವೆ ಅನ್ನುವುದು ಸುಮ್ಮನೆ ಫೋಟೋಗೆ ನಿಲ್ಲಿಸುವ ವಿಷಯವಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

1969: ಒಂಟಿಯಾದ ಅಭ್ಯರ್ಥಿ

ಈಗ ಹಿಂದೂಪುರದ ಕಥೆ. ತುಮಕೂರು ಜಿಲ್ಲೆಯ ಪಾವಗಡ ದಾಟಿದರೆ ಆಂಧ್ರ. ಕಲ್ಯಾಣದುರ್ಗ, ಕುಂದುರ್ಪಿ, ಮಡಕಶಿರಾ, ಹಿಂದೂಪುರ; ಈ ಗಡಿಯೂರುಗಳಲ್ಲಿ ಕನ್ನಡ ಅಪರಿಚಿತ ಭಾಷೆಯಲ್ಲ. ಅನಂತಪುರ ಜಿಲ್ಲೆಯೂ ನಮ್ಮ ದಕ್ಷಿಣ ಕನ್ನಡವೂ ಒಂದು ಕಾಲಕ್ಕೆ ಒಂದೇ ಮದ್ರಾಸ್ ಪ್ರಾಂತದಲ್ಲಿದ್ದವು. ಆ ಜಿಲ್ಲೆಯ ಇಲ್ಲೂರಿನಲ್ಲಿ ಹುಟ್ಟಿದ ನೀಲಂ ಸಂಜೀವ ರೆಡ್ಡಿ ಆಂಧ್ರಪ್ರದೇಶದ ಮೊದಲ ಮುಖ್ಯಮಂತ್ರಿ. 1967ರಲ್ಲಿ ಹಿಂದೂಪುರದಿಂದ ಲೋಕಸಭೆಗೆ ಗೆದ್ದು ಸ್ಪೀಕರ್ ಆದರು. ಆ ಕುರ್ಚಿಗೆ ಪಕ್ಷ ಇರಬಾರದು ಅಂತ ಕಾಂಗ್ರೆಸ್ ಸದಸ್ಯತ್ವವನ್ನೇ ಬಿಟ್ಟರು.

ಝಾಕಿರ್ ಹುಸೇನ್ ತೀರಿಕೊಂಡ ಮೇಲೆ, 1969ರ ಜುಲೈನಲ್ಲಿ ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ಸಂಸದೀಯ ಮಂಡಳಿ ಇಂದಿರಾ ಗಾಂಧಿಯವರ ಇಷ್ಟವನ್ನು ಮೀರಿ ಸಂಜೀವ ರೆಡ್ಡಿಯವರನ್ನು ಅಭ್ಯರ್ಥಿ ಮಾಡಿತು. ಪಕ್ಷದ ಅಧ್ಯಕ್ಷರು ಆಗ ಎಸ್. ನಿಜಲಿಂಗಪ್ಪ. ಗಿರಿ ಹಂಗಾಮಿ ಹುದ್ದೆ ಬಿಟ್ಟು ಸ್ವತಂತ್ರರಾಗಿ ನಿಂತರು. ಆಮೇಲೆ ನಡೆದದ್ದು ಕೊಳಕು. ಸಂಜೀವ ರೆಡ್ಡಿಯವರ ಖಾಸಗಿ ನಡತೆಯ ಬಗ್ಗೆ ಹೇಯ ಆರೋಪಗಳ ಅನಾಮಧೇಯ ಕರಪತ್ರವೊಂದು ಸಂಸದರ ಕೈಗೆ ತಲುಪಿತು. ಅದರಲ್ಲಿ ಏನಿತ್ತು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಆ ಕರಪತ್ರ ಹಂಚಿದವರ ಕೆಲಸವನ್ನು ನಾವೇ ಮುಂದುವರಿಸಿದಂತೆ.

ವಿಷಯ ಸುಪ್ರೀಂ ಕೋರ್ಟ್ ತನಕ ಹೋಯಿತು. ಆಗ ರಾಷ್ಟ್ರಪತಿಯಾಗಿದ್ದ ಗಿರಿಯವರೇ ನ್ಯಾಯಾಲಯಕ್ಕೆ ಬಂದು ಸಾಕ್ಷಿ ನುಡಿದರು. ಕರಪತ್ರದಲ್ಲಿ ಅವರ ಕೈವಾಡ ಇತ್ತೆಂದು ಸಾಬೀತಾಗಲಿಲ್ಲ, 1970ರಲ್ಲಿ ಅವರ ಆಯ್ಕೆ ಊರ್ಜಿತವಾಯಿತು.

ಆದರೆ ಸಂಜೀವ ರೆಡ್ಡಿ ಸೋತದ್ದು ಕರಪತ್ರದಿಂದ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಅವರು ಸೋತದ್ದು ಜೊತೆಗಾರರ ವಿಷಯದಲ್ಲಿ. ಅವರ ನಾಮಪತ್ರಕ್ಕೆ ಸಹಿ ಹಾಕಿದ ಪ್ರಧಾನಿಯೇ ಕೊನೆಗೆ 'ಆತ್ಮಸಾಕ್ಷಿಯ ಮತ'ದ ಪರ ನಿಂತರು. ಇತ್ತ ನಿಜಲಿಂಗಪ್ಪ ಎರಡನೇ ಪ್ರಾಶಸ್ತ್ಯದ ಮತಕ್ಕಾಗಿ ಜನಸಂಘ ಮತ್ತು ಸ್ವತಂತ್ರ ಪಕ್ಷದ ನಾಯಕರನ್ನು ಭೇಟಿಯಾದರು. ಅದೇ ಎದುರಾಳಿಗಳಿಗೆ ಅಸ್ತ್ರವಾಯಿತು. 'ನೋಡಿ, ಇವರು ಯಾರ ಜೊತೆ ಸೇರಿದ್ದಾರೆ' ಅಂದರು. ಕೊನೆಯ ಎಣಿಕೆಯಲ್ಲಿ ಗಿರಿಗೆ 4,20,077, ಸಂಜೀವ ರೆಡ್ಡಿಗೆ 4,05,427. ಅಂತರ 14,650 ಮಾತ್ರ. ಸುಳ್ಳು ಕರಪತ್ರವನ್ನು ಅಲ್ಲಗಳೆಯಬಹುದು, ನಿಜವಾಗಿ ನಡೆದ ಭೇಟಿಯನ್ನು ಅಲ್ಲಗಳೆಯುವುದು ಹೇಗೆ?

ಅದೇ ವ್ಯಕ್ತಿ 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಕರಪತ್ರ ಯಾರಿಗೂ ನೆನಪಿರಲಿಲ್ಲ. ಅವರ ಅವಧಿಯಲ್ಲಿ, 1979ರಲ್ಲಿ, ಉಪರಾಷ್ಟ್ರಪತಿಯಾಗಿ ಅವಿರೋಧವಾಗಿ ಬಂದವರು ಮುಖ್ಯ ನ್ಯಾಯಮೂರ್ತಿಯಾಗಿದ್ದ ಮುಹಮ್ಮದ್ ಹಿದಾಯತುಲ್ಲಾ. 1969ರಲ್ಲಿ ಗಿರಿ ರಾಜೀನಾಮೆ ಕೊಟ್ಟಾಗ ಹಂಗಾಮಿ ರಾಷ್ಟ್ರಪತಿಯಾಗಿ ದೇಶವನ್ನು ನಡೆಸಿದ್ದವರು ಅವರೇ. ಆ ಕುರ್ಚಿ ಏನು ಅಂತ ಮೊದಲೇ ಗೊತ್ತಿದ್ದವರು.

'ಮುಸ್ಲಿಂ' ಎಂಬುದು ಬೈಗುಳವೇ?

ಅಮೆರಿಕದ ಕಡೆ ಒಮ್ಮೆ ತಿರುಗೋಣ. 1960ರಲ್ಲಿ ಜಾನ್ ಕೆನಡಿ ನಿಂತಾಗ, 'ಕ್ಯಾಥೊಲಿಕ್ ಆದವನು ಪೋಪ್ ಹೇಳಿದಂತೆ ಕೇಳುತ್ತಾನೆ' ಎಂಬ ಪ್ರಚಾರ ಜೋರಾಗಿತ್ತು. ಕೆನಡಿ ಟೆಕ್ಸಾಸ್‌ನ ಪ್ರೊಟೆಸ್ಟೆಂಟ್ ನಾಯಕ ಲಿಂಡನ್ ಜಾನ್ಸನ್ ಅವರನ್ನು ಜೊತೆಗೆ ತೆಗೆದುಕೊಂಡರು. ಆದರೆ ಧರ್ಮದ ಆರೋಪಕ್ಕೆ ಉತ್ತರ ಕೊಡಲು ಜಾನ್ಸನ್‌ರನ್ನು ಕಳಿಸಲಿಲ್ಲ. ಸೆಪ್ಟೆಂಬರ್ 12ರಂದು ಹ್ಯೂಸ್ಟನ್‌ನಲ್ಲಿ ಪಾದ್ರಿಗಳ ಸಭೆಗೆ ತಾವೇ ಹೋಗಿ ಪ್ರಶ್ನೆಗಳಿಗೆ ಉತ್ತರಿಸಿದರು. 1963ರಲ್ಲಿ ಕೆನಡಿ ಹತ್ಯೆಯಾದಾಗ ಜಾನ್ಸನ್ ಅಧ್ಯಕ್ಷರಾದರು, ಮರುವರ್ಷ ನಾಗರಿಕ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು.

2008ರಲ್ಲಿ ಬರಾಕ್ ಒಬಾಮ ಮೇಲೆ ಬಂದ ಆರೋಪ ನಮಗೆಲ್ಲ ನೆನಪಿದೆ: 'ಗುಟ್ಟಾಗಿ ಮುಸ್ಲಿಂ'. ಆಗಸ್ಟ್‌ನಲ್ಲಿ ಅವರು ಜೋ ಬೈಡನ್ ಅವರನ್ನು ಜೊತೆಗಾರನಾಗಿ ಆರಿಸಿದರು. ಬೈಡನ್ ದಶಕಗಳ ಕಾಲ ಸೆನೆಟರ್, ವಿದೇಶಾಂಗ ಸಮಿತಿಯ ಅಧ್ಯಕ್ಷ. ಆ ಆಯ್ಕೆಯಲ್ಲಿ ತಪ್ಪು ಹುಡುಕಲಾಗದು. ತಪ್ಪಾದದ್ದು ಬೇರೆ ಕಡೆ. ಅದೇ ಜೂನ್‌ನಲ್ಲಿ ಡೆಟ್ರಾಯಿಟ್‌ನ ಸಭೆಯಲ್ಲಿ, ಹಿಜಾಬ್ ಹಾಕಿದ ಇಬ್ಬರು ಯುವತಿಯರನ್ನು ವೇದಿಕೆಯ ಹಿಂದೆ, ಕ್ಯಾಮೆರಾಗೆ ಕಾಣುವ ಜಾಗದಲ್ಲಿ ಕೂರಲು ಕಾರ್ಯಕರ್ತರು ಬಿಡಲಿಲ್ಲ. ಒಬಾಮ ಆಮೇಲೆ ಕ್ಷಮೆ ಕೇಳಿದರು. ಗುರಾಣಿ ಹಿಡಿಯುವ ಮನಸ್ಥಿತಿ ಎಲ್ಲಿಗೆ ತಲುಪಿಸುತ್ತದೆ ಅನ್ನುವುದಕ್ಕೆ ಇದು ಉದಾಹರಣೆ: ಅಪಪ್ರಚಾರ ಮಾಡಿದವರ ಬದಲು ನಮ್ಮವರನ್ನೇ ದೂರ ತಳ್ಳುವುದು. 'ಮುಸ್ಲಿಂ ಆದರೆ ಏನಾಯಿತು?' ಎಂಬ ನೇರ ಪ್ರಶ್ನೆಯನ್ನು ಟಿವಿಯಲ್ಲಿ ಕೇಳಿದ್ದು ಎದುರು ಪಕ್ಷದವರಾದ ಕಾಲಿನ್ ಪೊವೆಲ್, ಅಕ್ಟೋಬರ್ 19ರಂದು.

ಎರಡನೇ ಕುರ್ಚಿ ಮತ್ತು ನಾವು

ನಮ್ಮ ದೇಶದಲ್ಲಿ ಮುಸ್ಲಿಮರಿಗೆ ಉಪರಾಷ್ಟ್ರಪತಿ ಸ್ಥಾನ ಒಂದು ರೀತಿಯ 'ಸಮತೋಲನದ ಕುರ್ಚಿ' ಆಗಿಬಿಟ್ಟದ್ದೂ ಇದೆ. 2007ರಲ್ಲಿ ಮೂರು ಬಣಗಳ ಮೂವರು ಅಭ್ಯರ್ಥಿಗಳೂ ಮುಸ್ಲಿಮರು. ಹಾಮಿದ್ ಅನ್ಸಾರಿ 455, ನಜ್ಮಾ ಹೆಪ್ತುಲ್ಲಾ 222, ರಶೀದ್ ಮಸೂದ್ 75 ಮತ ಪಡೆದರು. ಗೆದ್ದ ಅನ್ಸಾರಿಯವರು ರಾಜತಾಂತ್ರಿಕರು, ಅರ್ಹರು. ಆದರೂ 2015ರ ಗಣರಾಜ್ಯೋತ್ಸವದಂದು 'ಧ್ವಜಕ್ಕೆ ಸೆಲ್ಯೂಟ್ ಹೊಡೆಯಲಿಲ್ಲ' ಅಂತ ಒಂದು ಫೋಟೋ ಹರಿದಾಡಿತು. ಶಿಷ್ಟಾಚಾರದ ಪ್ರಕಾರ ಸೆಲ್ಯೂಟ್ ಸ್ವೀಕರಿಸುವುದು ಸೇನೆಯ ಪರಮೋಚ್ಚ ದಂಡನಾಯಕರಾದ ರಾಷ್ಟ್ರಪತಿ, ಸಮವಸ್ತ್ರದಲ್ಲಿ ಇಲ್ಲದ ಉಳಿದವರು ನೇರವಾಗಿ ನಿಂತರೆ ಸಾಕು ಅಂತ ಅವರ ಕಚೇರಿ ಸ್ಪಷ್ಟಪಡಿಸಬೇಕಾಯಿತು. ಅಂದರೆ, ಕುರ್ಚಿ ಕೊಟ್ಟ ಮಾತ್ರಕ್ಕೆ ಸಂಶಯ ನಿಲ್ಲುವುದಿಲ್ಲ.

ಅಪಪ್ರಚಾರಕ್ಕೆ ಗುರಿಯಾಗಲು ಮುಸ್ಲಿಮನೇ ಆಗಬೇಕಂತಲೂ ಇಲ್ಲ. 2025ರ ಉಪರಾಷ್ಟ್ರಪತಿ ಚುನಾವಣೆಯಲ್ಲಿ ವಿರೋಧ ಪಕ್ಷಗಳ ಅಭ್ಯರ್ಥಿ, ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ್ ರೆಡ್ಡಿಯವರ 2011ರ ಸಲ್ವಾ ಜುಡುಂ ತೀರ್ಪನ್ನು ಹಿಡಿದು, ನಕ್ಸಲರಿಗೆ ನೆರವಾದವರು ಅಂತ ಕೇಂದ್ರ ಗೃಹ ಸಚಿವರೇ ಆರೋಪಿಸಿದರು. ಅದು ತಮ್ಮೊಬ್ಬರದಲ್ಲ, ಸುಪ್ರೀಂ ಕೋರ್ಟ್‌ನ ತೀರ್ಪು, ಓದಿ ನೋಡಲಿ ಅಂತ ಅವರು ತಾವೇ ಉತ್ತರಿಸಿದರು. 452ಕ್ಕೆ 300 ಮತಗಳಿಂದ ಸೋತರು, ನಿಜ. ಆದರೆ ತಲೆ ತಗ್ಗಿಸಿ ಸೋಲಲಿಲ್ಲ.

ಹಾಗಾದರೆ ಜೋಡಿಯಲ್ಲಿ ಸಮತೋಲನ ಬೇಡವೇ? ಬೇಕು. ಎಲ್ಲ ಊರು, ಎಲ್ಲ ಸಮುದಾಯದವರು ಕಾಣಿಸಿಕೊಳ್ಳುವುದು ನ್ಯಾಯ. 1967ರಲ್ಲಿ ಝಾಕಿರ್ ಹುಸೇನ್ ಜೊತೆ ದಕ್ಷಿಣದ ಗಿರಿ ಬಂದದ್ದೂ ಒಂದು ಸಮತೋಲನವೇ. ಆದರೆ ಪ್ರಾತಿನಿಧ್ಯ ಬೇರೆ, ಜಾಮೀನು ಬೇರೆ. 'ಇವರು ಜೊತೆಗಿದ್ದಾರಲ್ಲ, ಹಾಗಾಗಿ ನಮ್ಮನ್ನು ನಂಬಿ' ಅಂತ ಹೇಳಲು ಆರಿಸಿದ ಜೊತೆಗಾರ, ಆರೋಪ ಅರ್ಧ ನಿಜ ಅಂತ ಒಪ್ಪಿಕೊಂಡಂತೆ ಕಾಣುತ್ತಾನೆ.

ಆದ್ದರಿಂದ ನಮ್ಮ ಯುವಕರು ವಿದ್ಯಾರ್ಥಿ ಸಂಘಟನೆಯಲ್ಲೋ ಪಂಚಾಯತ್‌ನಲ್ಲೋ ತಂಡ ಕಟ್ಟುವಾಗ ಎರಡು ಕೆಲಸಗಳನ್ನು ಬೇರೆ ಬೇರೆ ಇಡಲಿ. ಆರೋಪಕ್ಕೆ ಉತ್ತರ ಆರೋಪಕ್ಕೆ ಗುರಿಯಾದವನೇ ಕೊಡಲಿ, ದಾಖಲೆ ಸಮೇತ, ಒಮ್ಮೆ, ಸ್ಪಷ್ಟವಾಗಿ. ಜೊತೆಗಾರನನ್ನು ಆರಿಸುವಾಗ ಕೇಳಬೇಕಾದದ್ದು, ನಾಳೆ ನಾನಿಲ್ಲದಿದ್ದರೆ ಈತ ಈ ಕುರ್ಚಿ ನಡೆಸಬಲ್ಲನೇ, ಕಷ್ಟದ ದಿನ ನನ್ನ ಪಕ್ಕ ನಿಲ್ಲುವನೇ ಅಂತ. ಹುದ್ದೆ ಅಮಾನತ್ ಅಂತ ನಾವು ನಂಬುವುದಾದರೆ, ಅದು ಎರಡನೇ ಕುರ್ಚಿಗೂ ಅನ್ವಯಿಸುತ್ತದೆ.

ಇನ್ನು ಮತ ಹಾಕುವ ನಮ್ಮದೂ ಒಂದು ಹೊಣೆ ಇದೆ. ಬಂದ ಸುದ್ದಿಯನ್ನು ಪರಿಶೀಲಿಸಿ ಎಂಬ ಆಜ್ಞೆ ಸೂರಃ ಅಲ್-ಹುಜುರಾತ್‌ನಲ್ಲಿ ಇದೆ. ಅದು ನಮ್ಮ ವಿರುದ್ಧದ ಸುಳ್ಳಿಗೆ ಮಾತ್ರವಲ್ಲ, ನಮ್ಮ ಎದುರಾಳಿಯ ವಿರುದ್ಧದ ಸುಳ್ಳಿಗೂ ಅಷ್ಟೇ ಅನ್ವಯ. 1969ರಲ್ಲಿ ಕರಪತ್ರವನ್ನು ಅಚ್ಚು ಹಾಕಿಸಿ, ಕೈಯಿಂದ ಕೈಗೆ ಹಂಚಬೇಕಿತ್ತು. ಇವತ್ತು ಒಂದು ಬೆರಳು ಸಾಕು. ಮುಂದಿನ ಚುನಾವಣೆಯಲ್ಲಿ ಯಾರ ಬಗ್ಗೆಯಾದರೂ ಅಂಥ ಮೆಸೇಜ್ ಬಂದರೆ, ಅದು ನಿಮ್ಮ ಫೋನಿನಿಂದ ಮುಂದಕ್ಕೆ ಹೋಗದಿರಲಿ.